ಮೇಳದಲ್ಲಿದ್ದಾಗ ನಿದ್ದೆ ಯಾವಾಗ ಮಾಡುತ್ತಿದ್ದಿರಿ?

ಕೊಪ್ಪದ ಅಂಗಡಿಯಲ್ಲಿರಲಿ, ಚಿಕ್ಕಮಗಳೂರಿನ ಮದುವೆ ಮನೆಯಲ್ಲಿರಲಿ, ನಾನು ಯಕ್ಷಗಾನ ಮೇಳದಲ್ಲಿದ್ದವನು ಎಂದು ತಿಳಿದ ಕೂಡಲೇ ಬರುವ ಪ್ರಶ್ನೆ ಇದು. ತಾಳದ ಬಗ್ಗೆಯೋ ಪದ್ಯಕ್ಕೆ ಮಾತು ಕಟ್ಟುವ ಅರ್ಥಗಾರಿಕೆಯ ಬಗ್ಗೆಯೋ ಯಾರಾದರೂ ಕೇಳಿಯಾರು ಎಂದು ಇಷ್ಟು ವರ್ಷ ಕಾದದ್ದೇ ಬಂತು. ‘ಹಗಲಿನಲ್ಲಿ’ ಎಂದು ಹೇಳಿ ನಕ್ಕುಬಿಡುತ್ತೇನೆ. ಅದು ಅರ್ಧ ಸುಳ್ಳು.

ದೀಪಾವಳಿ ಕಳೆದು ಹೊರಟರೆ ಮಳೆಗಾಲ ಹತ್ತಿರವಾಗುವ ತನಕ ತಿರುಗಾಟ. ಹದಿನಾರನೆಯ ವಯಸ್ಸಿಗೆ ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ, ಮೇಳ ಸೇರಿದ ನನಗೆ ಸಿಕ್ಕಿದ್ದು ಕೋಡಂಗಿ, ಆಮೇಲೆ ಬಾಲಗೋಪಾಲ. ಕಥೆ ಶುರುವಾಗುವ ಮೊದಲಿನ ಪೂರ್ವರಂಗದ ಈ ವೇಷಗಳು ಕುಣಿಯುವಾಗ ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುತ್ತಾರೆ. ಅದು ಮುಗಿದರೆ ಬೆಳಗಿನ ಜಾವದ ದೂತನ ವೇಷದ ತನಕ ಬಿಡುವು. ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ವೇಷದ ಪೆಟ್ಟಿಗೆಗಳ ಸಂದಿಯಲ್ಲಿ ಮಲಗಬಹುದು, ಯಾರೂ ಬೇಡ ಎನ್ನುವುದಿಲ್ಲ. ಆದರೆ ಹಿರಿಯರು ರಂಗಕ್ಕೆ ಬರುವುದೂ ಅದೇ ಹೊತ್ತಿಗೆ. ಯಾವ ಪದ್ಯಕ್ಕೆ ಯಾವ ಹೆಜ್ಜೆ, ಮಂಡಿ ಹಾಕಿ ತಿರುಗುವಾಗ ಮೈಭಾರ ಎಲ್ಲಿ ಬಿಡುತ್ತಾರೆ, ಪದ್ಯ ಹಾಡಿ ಆಟ ನಡೆಸುವ ಭಾಗವತರ ಕಣ್ಸನ್ನೆಗೆ ಮಾತನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನೆಲ್ಲ ರಂಗದ ಬದಿಯಲ್ಲಿ ಕುಳಿತೇ ಕದಿಯಬೇಕು. ಮೇಳದಲ್ಲಿ ಯಾರಿಗೂ ಕರೆದು ಕೂರಿಸಿ ಹೇಳಿಕೊಡುವ ಪುರಸೊತ್ತಿಲ್ಲ. ಮಲಗಿದವನಿಗೆ ಆ ದಿನದ ಪಾಠ ತಪ್ಪಿತು.

ಹಗಲಿನ ಕಥೆ ಹೇಳುವಂಥದ್ದೇನಲ್ಲ. ಬಣ್ಣ ತೆಗೆಯುವಾಗಲೇ ಬಿಸಿಲೇರಿರುತ್ತಿತ್ತು. ಮುಂದಿನ ಊರಿನ ಶಾಲೆಯ ಜಗಲಿಯಲ್ಲಿ ಕಣ್ಣು ಮುಚ್ಚಿದರೆ ಮಕ್ಕಳು ಸುತ್ತ ನಿಂತು ‘ಇವನು ರಾಜನೋ ರಾಕ್ಷಸನೋ’ ಎಂದು ಪಂದ್ಯ ಕಟ್ಟುತ್ತಿದ್ದರು. ಎರಡೂ ಅಲ್ಲ ಎಂದು ಎದ್ದು ಹೇಳಲು ನನಗೆ ನಾಚಿಕೆ.

ಜನವರಿಯಲ್ಲಿ ಘಟ್ಟ ಹತ್ತಿ ನಮ್ಮ ಸೀಮೆಗೆ ಬಂದಾಗ ಕರಾವಳಿಯ ಕಲಾವಿದರ ಪಾಡು ನೋಡಬೇಕಿತ್ತು. ಬಣ್ಣಕ್ಕೆ ಬೇಕಾದ ಕೊಬ್ಬರಿ ಎಣ್ಣೆ ಶೀಶೆಯಲ್ಲೇ ಹೆಪ್ಪುಗಟ್ಟುತ್ತಿತ್ತು. ಶೀಶೆಯನ್ನು ಕಂಬಳಿಯೊಳಗೆ ಇಟ್ಟುಕೊಂಡು ಕೂರುವ ಕೆಲಸ ಕೋಡಂಗಿಯದು, ಅಂದರೆ ನನ್ನದು. ಬೆಚ್ಚಗಿನ ಕಂಬಳಿ ಸಿಕ್ಕಿದರೆ ನಿದ್ದೆ ಬಾರದೇ ಇರುತ್ತದೆಯೇ?

ಶೃಂಗೇರಿ ಕಡೆಯ ಒಂದು ಕೊಯ್ದ ಗದ್ದೆಯಲ್ಲಿ ಹಾಗೆಯೇ ಆಯಿತು. ಯಾರೋ ಕಾಲಲ್ಲಿ ತಿವಿದು ‘ದೂತ, ದೂತ’ ಎಂದರು. ಕತ್ತಲಲ್ಲಿ ಕೈಗೆ ಸಿಕ್ಕಿದ ಒಂದೇ ಗೆಜ್ಜೆ ಕಟ್ಟಿಕೊಂಡು ಓಡಿದೆ. ಬಲಗಾಲು ಝಲ್ ಎಂದರೆ ಎಡಗಾಲು ಮೌನ. ಭಾಗವತರು ಪದ್ಯ ಎಳೆದು ಎಳೆದು ನನ್ನನ್ನು ಒಳಗೆ ಕಳಿಸಿದರು. ಇದು ಹಾಸ್ಯ ಎಂದುಕೊಂಡು ಜನ ನಕ್ಕರು. ಬೆಳಿಗ್ಗೆ ಭಾಗವತರು ಬೈಯಲಿಲ್ಲ, ‘ಒಂದು ಕಾಲು ಇನ್ನೂ ಮಲಗಿತ್ತೇನೋ’ ಎಂದಷ್ಟೇ ಕೇಳಿದರು.

ಆ ತಿರುಗಾಟ ಮುಗಿಯುವ ತನಕ ಎರಡೂ ಗೆಜ್ಜೆ ಕಟ್ಟಿಕೊಂಡೇ ಮಲಗಿದೆ. ಮಗ್ಗುಲು ಬದಲಿಸಿದಾಗಲೆಲ್ಲ ಪಕ್ಕದವರ ಬೈಗುಳ.