ಹೋಪನ, ಬಪ್ಪದು, ತಿಂಬದು

ನಮ್ಮ ಶಿರಸಿ ಕಡೆ ಹವ್ಯಕರ ಮನೆಗಳಲ್ಲಿ 'ಹೋಗೋಣ' ಅನ್ನುವುದಕ್ಕೆ 'ಹೋಪನ' ಅನ್ನುತ್ತೇವೆ. ಬರುವುದು 'ಬಪ್ಪದು', ಕಾಣುವುದು 'ಕಾಂಬದು', ತಿನ್ನುವುದು 'ತಿಂಬದು'. ದೀಪಾವಳಿಗೆ ಬೆಂಗಳೂರಿಂದ ಬಂದ ತಮ್ಮನ ಮಗಳು, "ಅತ್ತೆ, ನೀವೆಲ್ಲ ಯಾಕೆ ತಪ್ಪು ತಪ್ಪಾಗಿ ಮಾತಾಡ್ತೀರಿ?" ಎಂದು ಕೇಳಿದಳು. ಮಗು ಕೇಳಿದ್ದಕ್ಕೆ ಬೇಸರವಿಲ್ಲ. ಓದಿದ ದೊಡ್ಡವರೂ ಹಾಗೇ ನಂಬಿದ್ದಾರಲ್ಲ, ಅದು ನೋವು.

ಹಳಗನ್ನಡದಲ್ಲಿ ಹಾಲು 'ಪಾಲ್', ಹುಲಿ 'ಪುಲಿ', ಹೂವು 'ಪೂ'. ನಮ್ಮ ಪಕ್ಕದ ಬನವಾಸಿಯನ್ನು ಅಷ್ಟು ಪ್ರೀತಿಯಿಂದ ನೆನೆದ ಪಂಪ, 10ನೇ ಶತಮಾನದಲ್ಲಿ, ಬರೆದದ್ದು ಈ ಪಕಾರದ ಕನ್ನಡವನ್ನೇ. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಪಕಾರ ಹಕಾರವಾಗುವುದನ್ನು ಹೇಳುತ್ತಾನೆ. ಕರಾವಳಿಯಲ್ಲೇ ತೆಂಕು ದಿಕ್ಕಿಗೆ ಹೋದರೆ ತುಳುವಿನಲ್ಲಿ ಹುಲಿ ಇವತ್ತಿಗೂ 'ಪಿಲಿ'.

ಆದರೆ ಪಕಾರ ಹಕಾರವಾದದ್ದು ಹೆಚ್ಚಾಗಿ ಶಬ್ದದ ಮೊದಲಲ್ಲಿ. ಉಪ್ಪು, ತುಪ್ಪ, ಸೊಪ್ಪು, ಅಪ್ಪ ಎಲ್ಲ ಹಾಗೇ ಉಳಿದವು. ಈಗ 'ಹೋಪ'ವನ್ನು ನೋಡಿ. ಹಳಗನ್ನಡದ 'ಪೋಪ'. ಮೊದಲ ಪ ಹೋಗಿ ಹ ಬಂತು, ನಡುವಿನ ಪ ಅಲ್ಲೇ ಕೂತಿದೆ. ಪುಸ್ತಕದ ಕನ್ನಡ ಅದನ್ನು ಬಿಟ್ಟು 'ಹೋಗುವ' ಮಾಡಿಕೊಂಡಿತು, ನಮ್ಮ ಆಯಿ ಬಿಡಲಿಲ್ಲ. "ಮಳೆ ಬಪ್ಪ ಹಂಗೆ ಕಾಣ್ತು, ಬೇಗ ಹೋಪನ" ಅನ್ನುವಾಗ ಅವಳ ಬಾಯಲ್ಲಿರುವ 'ಬಪ್ಪ' ಹಳೆಯ 'ಬರ್ಪ'. ರಕಾರ ಮುಂದಿನ ಪಕಾರದಲ್ಲಿ ಕರಗಿದೆ, ಅಷ್ಟೆ. ಸಂಸ್ಕೃತದ 'ಪರ್ವ' ನಮ್ಮಲ್ಲಿ 'ಹಬ್ಬ' ಆದದ್ದೂ ಇದೇ ದಾರಿಯಲ್ಲಿ: ಮೊದಲಿನ ಪ ಹ ಆಯಿತು, ರ ಕರಗಿ, ವ ಬ ಆಗಿ ಇಮ್ಮಡಿಸಿತು. 'ಹಬ್ಬ' ಎಲ್ಲರಿಗೂ ಒಪ್ಪಿಗೆ, 'ಬಪ್ಪ' ಮಾತ್ರ ಹಳ್ಳಿ ಮಾತು!

ಇನ್ನು 'ತಿಂಬದು' ಹೇಗಾಯಿತೆಂದು ತೋರಿಸಲು ಹುಡುಗಿಗೆ ತುಟಿಯ ಮೇಲೆ ಬೆರಳಿಟ್ಟುಕೊಂಡು 'ತಿನ್', ಆಮೇಲೆ 'ಬ' ಅನ್ನು ಎಂದೆ. ಬಿಡಿಸಿ ಹೇಳುವಾಗ ನಕಾರಕ್ಕೆ ನಾಲಿಗೆ ಹಲ್ಲಿನ ಹಿಂದೆ ತಾಗುತ್ತದೆ, ತುಟಿ ತೆರೆದೇ ಇರುತ್ತದೆ. ಬೇಗ ಬೇಗ ಅಂದರೆ ಬಕಾರ ಬರುವ ಮೊದಲೇ ತುಟಿ ಮುಚ್ಚಿಬಿಡುತ್ತದೆ, ನ ಹೋಗಿ ಮ ಕೇಳುತ್ತದೆ. ತಿಂಬ. ಉಣ್ಣುವುದು 'ಉಂಬದು' ಆಗುವುದೂ ಹೀಗೆಯೇ. ಸೋಮಾರಿ ನಾಲಿಗೆ ಅಂತ ಬೈಯುವವರು ಒಮ್ಮೆ ಹೀಗೆ ಹೇಳಿ ನೋಡಬೇಕು.

ಮೈಸೂರು ಕಡೆಯ ಹಳ್ಳಿಗಳಲ್ಲಿ ಹಕಾರವೂ ಬಿದ್ದುಹೋಗಿ ಹಾಲು 'ಆಲು', ಹೋಗು 'ಓಗು' ಆಗಿದೆ. ಅದನ್ನು ಕೇಳಿ ನಮ್ಮವರೇ ನಗುವುದುಂಟು. ನನಗೆ ಸಿಟ್ಟು ಬರುತ್ತದೆ. 'ಪಾಲ್' ಹಾಲಾದದ್ದನ್ನು ದಿನಾ ಕುಡಿಯುವವರು 'ಆಲು' ಅಂದವರನ್ನು ನೋಡಿ ನಗುವುದು ಯಾವ ನ್ಯಾಯ?