ಮರದ ಉರುಳೆ ಮತ್ತು ಎರಡು ಸೆಂಟಿಮೀಟರ್

ಭಾನುವಾರ, 15 ಜೂನ್ 2025
ಮೆಡೆಯಿನ್, ಕೊಲಂಬಿಯಾ

ನಿನ್ನೆ ಸಂಜೆ 86 ಸೆಂಟಿಮೀಟರ್ ಇದ್ದ ನನ್ನ ಸೊಂಟದ ಸುತ್ತಳತೆ ಇಂದು ಬೆಳಿಗ್ಗೆ ಎದ್ದು ಅಳೆದಾಗ ಮತ್ತೆ 88ಕ್ಕೆ ಬಂದಿತ್ತು. ನಿನ್ನೆ ಮರದ ಉರುಳೆಯ ಮಾಲೀಸು ಮಾಡಿಸಿಕೊಳ್ಳುವ ಮೊದಲು ಇದ್ದದ್ದೂ 88. ದಾವಣಗೆರೆಯಲ್ಲಿರುವ ತಂಗಿಗೆ ಈ ಎರಡು ಸೆಂಟಿಮೀಟರಿನ ಬಗ್ಗೆ ಸರಿಯಾದ ಉತ್ತರ ಕೊಡಬೇಕಾಗಿದೆ, ಆದ್ದರಿಂದ ವಿವರವಾಗಿ ಬರೆದಿಡುತ್ತಿದ್ದೇನೆ.

ಹೋದ ವಾರ ಅವಳು ಫೋನಿನಲ್ಲಿ, "ಅಕ್ಕಾ, ಮರದ ಸಾಮಾನಿಂದ ತಿಕ್ಕಿ ಹೊಟ್ಟೆ ಕರಗಿಸ್ತಾರಂತಲ್ಲ, ನೀನಿರೋ ದೇಶದಲ್ಲಿ ಅದು ಭಾಳ ಅಂತೆ. ಬರುವಾಗ ಒಂದು ಸೆಟ್ ತಗೊಂಡು ಬಾ" ಎಂದಿದ್ದಳು. ಅವಳು ಕೇಳಿದ್ದು ನಿಜ. ಸ್ಪ್ಯಾನಿಷಿನಲ್ಲಿ ಮಾದೆರಾ ಎಂದರೆ ಮರ. ಈ ಚಿಕಿತ್ಸೆಗೆ ಇಲ್ಲಿ ಮಾದೆರೋತೆರಾಪಿಯಾ ಎಂದು ಹೆಸರು. ನೋಡದೆ ಹೇಳುವುದು ಬೇಡವೆಂದು ನಿನ್ನೆ ನಾನೇ ಹೋಗಿ ಒಂದು ಗಂಟೆ ಮಾಡಿಸಿಕೊಂಡು ಬಂದೆ.

ಮಾಲೀಸು ಮಾಡುವಾಕೆ ಮೊದಲು ಎಣ್ಣೆ ಹಚ್ಚಿ ಬರಿಗೈಯಲ್ಲೇ ತೊಡೆ ಮತ್ತು ಹೊಟ್ಟೆಯನ್ನು ಬೆಚ್ಚಗೆ ಮಾಡಿದರು. ಆಮೇಲೆ ನಮ್ಮ ಲಟ್ಟಣಿಗೆಯಂತೆಯೇ ಇರುವ ನಯವಾದ ಉರುಳೆ, ಅದರ ನಂತರ ಸಣ್ಣ ಸಣ್ಣ ಚೌಕದ ಹಲ್ಲುಗಳಿರುವ ಇನ್ನೊಂದು ಉರುಳೆ. ಇಲ್ಲಿಯವರು ಸ್ವೀಡನ್ನಿನ ಬಟ್ಟಲು ಎಂದು ಕರೆಯುವ, ಹಿಡಿಯಿರುವ ಮರದ ಬಟ್ಟಲನ್ನು ಬೋರಲಾಗಿಟ್ಟು ಒತ್ತಿ ಸರಿಸಿದಾಗ ಚರ್ಮವನ್ನು ಯಾರೋ ಒಳಗಿನಿಂದ ಮೆಲ್ಲಗೆ ಎತ್ತಿ ಬಿಟ್ಟಂತಾಗುತ್ತದೆ. ಇಡೀ ಒಂದು ಗಂಟೆಯಲ್ಲಿ ನನಗೆ ಅತ್ಯಂತ ಹಿತವೆನಿಸಿದ್ದು ಅದೇ. ಕೊನೆಗೆ ಬಾಗಿದ ಅಂಚಿನ ಹಲಗೆಯಿಂದ ಸೊಂಟದ ಎರಡೂ ಬದಿಯನ್ನು ನೀವಿದರು. ಕಾಲಿನ ಮೇಲೆ ಕೈ ಪ್ರತಿ ಸಲವೂ ಮಂಡಿಯಿಂದ ತೊಡೆಸಂದಿಯ ಕಡೆಗೇ, ಅಂದರೆ ಕೆಳಗಿನಿಂದ ಮೇಲಕ್ಕೆ, ಹೋಗುತ್ತಿದ್ದುದನ್ನು ಗಮನಿಸಿದೆ. ಬಾಣಂತಿಗೆ ಎಣ್ಣೆ ನೀವುವಾಗ ನಮ್ಮ ಅಜ್ಜಿಯ ಕೈಯೂ ಹೀಗೆಯೇ ಮೇಲ್ಮುಖವಾಗಿ ಚಲಿಸುತ್ತಿತ್ತು.

ಈ ದಿಕ್ಕಿಗೆ ಕಾರಣವಿದೆ. ಜೀವಕೋಶಗಳ ನಡುವೆ ಸೇರಿಕೊಳ್ಳುವ ನೀರಿನಲ್ಲಿ ಒಂದು ಪಾಲು ದುಗ್ಧನಾಳಗಳ (ಲಿಂಫ್ ನಾಳಗಳ) ಮೂಲಕ ಸಾಗಿ, ತೊಡೆಸಂದಿಯಂಥ ಜಾಗಗಳಲ್ಲಿರುವ ದುಗ್ಧಗ್ರಂಥಿಗಳನ್ನು ಹಾದು, ಕೊನೆಗೆ ಕೊರಳೆಲುಬಿನ ಹಿಂದಿನ ದೊಡ್ಡ ಅಭಿಧಮನಿಗಳಲ್ಲಿ ರಕ್ತವನ್ನು ಸೇರುತ್ತದೆ. ಈ ನಾಳಗಳು ಚರ್ಮದ ತೀರ ಕೆಳಗೇ ಇರುವುದರಿಂದ ಹಗುರವಾದ ಒತ್ತಡ ಸಾಕು. ಮಾಲೀಸಿನ ನಂತರ ಕಾಲು ಹಗುರವಾಯಿತೆಂದು ಅನ್ನಿಸುವುದು ಭ್ರಮೆಯಲ್ಲ, ನನಗೂ ಹಾಗೆಯೇ ಅನ್ನಿಸಿತು. ಆದರೆ ಹಾಗೆ ಸರಿದದ್ದು ನೀರು. ಅದು ಮರಳಿ ಬರುತ್ತದೆ. ಕೊಬ್ಬನ್ನು ಮರದ ಹಲ್ಲಿನಿಂದ ಪುಡಿ ಮಾಡಿ ಮೂತ್ರದಲ್ಲಿ ಕಳಿಸಲಾಗದು. ದೇಹದ 10 ಕಿಲೋ ಕೊಬ್ಬು ಪೂರ್ತಿ ಉರಿದರೆ ಸುಮಾರು 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಉರಿಯಬೇಕಾದರೆ ನಾವು ನಡೆಯಬೇಕು, ಊಟ ಕಡಿಮೆ ಮಾಡಬೇಕು. ತೊಡೆಯ ಮೇಲಿನ ಸೆಲ್ಯುಲೈಟ್ ಗುಳಿಗಳ ವಿಷಯವೂ ಇಷ್ಟೇ: ಚರ್ಮವನ್ನು ಕೆಳಕ್ಕೆ ಎಳೆದು ಹಿಡಿದಿರುವ ನಾರುಗಳ ನಡುವಿನಿಂದ ಕೊಬ್ಬು ಮೇಲಕ್ಕೆ ಉಬ್ಬುವುದರಿಂದ ಅವು ಕಾಣುತ್ತವೆ, ಉರುಳೆ ಆ ನಾರನ್ನು ಕತ್ತರಿಸುವುದಿಲ್ಲ. ಹೆಚ್ಚಿನ ಹೆಂಗಸರಿಗೆ ಅದು ಇದ್ದೇ ಇರುತ್ತದೆ, ರೋಗವೂ ಅಲ್ಲ.

ನನಗೆ ನಿಜವಾಗಿ ನೋವಾದದ್ದು ಬೇರೆ ಮಾತಿನಿಂದ. ಎಡ ತೊಡೆಯ ಮೇಲೆ ನಾಣ್ಯದಗಲದ ಎರಡು ಕಪ್ಪು ಕಲೆಗಳು ಎದ್ದಿವೆ. ಹಲ್ಲಿನ ಉರುಳೆಯಿಂದ ತೊಡೆ ಉರಿಯುತ್ತಿದೆ ಎಂದು ನಾನು ಹೇಳಿದಾಗ ಆಕೆ, ಕಲೆ ಬಿದ್ದರೆ ಕೊಬ್ಬು ಒಡೆಯುತ್ತಿದೆ ಎಂದೇ ಅರ್ಥ ಎಂದು ಸಮಾಧಾನ ಹೇಳಿದ್ದರು. ಕಲೆ ಎಂದರೆ ಚರ್ಮದ ಕೆಳಗೆ ಸಣ್ಣ ರಕ್ತನಾಳ ಒಡೆದಿದೆ ಎಂದಷ್ಟೇ. ಒಳ್ಳೆಯ ಕೈಯಿದ್ದ ಅವರಿಗೆ ಯಾರೋ ಇದನ್ನು ತಪ್ಪಾಗಿ ಕಲಿಸಿದ್ದಾರಲ್ಲ ಎಂದು ಬೇಸರವಾಯಿತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಗರ್ಭಿಣಿಯೇ, ಕಾಲಿನ ರಕ್ತನಾಳ ಉಬ್ಬಿದೆಯೇ ಎಂದು ಮಲಗುವ ಮೊದಲು ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ.

ತಂಗಿಗೆ ಎರಡನೆಯ ಹೆರಿಗೆಯಾದ ಮೇಲೆ ಬಲಗಾಲಿನಲ್ಲಿ ವೆರಿಕೋಸ್ ವೇನ್, ಅಂದರೆ ಉಬ್ಬಿದ ರಕ್ತನಾಳ, ಎದ್ದಿದೆ, ಸಂಜೆಯಾದರೆ ಪಾದ ಊದಿಕೊಳ್ಳುತ್ತದೆ. ಊತವನ್ನು ಕೊಬ್ಬೆಂದುಕೊಂಡು ಅವಳು ಆ ಕಾಲಿನ ಮೇಲೆ ಹಲ್ಲಿನ ಉರುಳೆಯನ್ನು ಬಲವಾಗಿ ಉರುಳಿಸುವುದನ್ನು ನೆನೆದರೇ ಭಯವಾಗುತ್ತದೆ. ಒಳಗಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವೇನಾದರೂ ಇದ್ದು, ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಸೆಟ್ ಒಯ್ಯುವುದಿಲ್ಲ. ಅಮ್ಮನ ಬೆನ್ನಿಗೆಂದು ನಯವಾದ ಉರುಳೆ ಒಂದನ್ನು ಮಾತ್ರ ಕೊಳ್ಳುತ್ತೇನೆ. ಎಳ್ಳೆಣ್ಣೆ ಅಲ್ಲಿ ಮನೆಯಲ್ಲೇ ಇದೆ. ಇಲ್ಲಿ ರಾತ್ರಿ ಒಂಬತ್ತಾದಾಗ ದಾವಣಗೆರೆಯಲ್ಲಿ ಬೆಳಿಗ್ಗೆ ಏಳೂವರೆ, ತಂಗಿ ಮಕ್ಕಳ ಡಬ್ಬಿ ಕಟ್ಟುತ್ತಿರುತ್ತಾಳೆ. ಈ ವಾರವೇ ವೈದ್ಯರಿಗೆ ಕಾಲು ತೋರಿಸಿ ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಬೇಕೇ ಎಂದು ಕೇಳು, ಅಲ್ಲಿಯವರೆಗೆ ಸಂಜೆ ಹೊತ್ತು ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗು ಎಂದು ಆಗಲೇ ಹೇಳಬೇಕು.