ಸ್ಯಾಂಟೊರಿನಿ ವೈನ್ ನಕ್ಷೆ: ತೋಟಗಳ ಹಾಳೆ ಮುಗಿಯಿತು

ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದ ವೈನರಿಗಳನ್ನೆಲ್ಲ ಒಂದು ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಬರೆದು, ಕನ್ನಡದಲ್ಲಿ ಹೆಸರು ಹಾಕಬೇಕು ಅನ್ನೋದು ನನ್ನ ಯೋಜನೆ. ಈಗ ಅದು ಎರಡು ಹಾಳೆಯಾಗಿದೆ. ಕೆಳಗಿನದರಲ್ಲಿ ಮಣ್ಣು, ಗಾಳಿ, ತೋಟ. ಅದರ ಮೇಲೆ ಹಾಸುವ ಟ್ರೇಸಿಂಗ್ ಪೇಪರ್‌ನಲ್ಲಿ ವೈನರಿಗಳು. ಈ ದ್ವೀಪದಲ್ಲಿ ತೋಟ ಅರ್ಥವಾಗದೆ ವೈನ್ ಅರ್ಥವಾಗುವುದಿಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸಿದೆ. ಅದಕ್ಕೇ ಕೆಳಗಿನ ಹಾಳೆಗೆ ಜಾಸ್ತಿ ಸಮಯ ಕೊಟ್ಟೆ.

ತೋಟಗಳನ್ನು ಉಪಗ್ರಹ ಚಿತ್ರ ನೋಡಿಕೊಂಡು ಬರೆದೆ. ಬೇರೆ ಕಡೆ ದ್ರಾಕ್ಷಿ ತೋಟ ಅಂದರೆ ನೇರ ಸಾಲುಗಳು ಕಾಣುತ್ತವೆ. ಇಲ್ಲಿನ ಹಳೆಯ ತೋಟಗಳಲ್ಲಿ ಬೂದು ನೆಲದ ಮೇಲೆ ಬರೀ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ಬಳ್ಳಿ. ಕಂಬವಿಲ್ಲ, ತಂತಿಯಿಲ್ಲ. ಪ್ರತಿ ಚಳಿಗಾಲ ಬಳ್ಳಿ ಸವರುವಾಗ ಕಡ್ಡಿಗಳನ್ನು ಸುತ್ತಿ, ಹೆಣೆದು, ನೆಲದ ಮೇಲೆ ದುಂಡಗೆ ಕೂರಿಸುತ್ತಾರೆ. ನೀರಿನ ಕೊಡ ಹೊರುವಾಗ ತಲೆ ಮೇಲೆ ಇಟ್ಟುಕೊಳ್ಳುವ ಸಿಂಬೆ ಇದೆಯಲ್ಲ, ಹಾಗೇ. ಇದಕ್ಕೆ ಅಲ್ಲಿನವರು ಕುಲೂರಾ ಅನ್ನುತ್ತಾರೆ. ಗೊಂಚಲುಗಳು ಅದರ ಒಳಗೆ ಬೆಳೆಯುತ್ತವೆ. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಮೆಲ್ತೆಮಿ ಗಾಳಿ ಮರಳು ಎರಚುತ್ತದೆ, ಬಿಸಿಲಂತೂ ಕೇಳೋದೇ ಬೇಡ. ಎರಡರಿಂದಲೂ ಕಾಯನ್ನು ಕಾಪಾಡೋದು ಈ ಹೆಣಿಗೆ.

ಒಂದು ಮೂಲೆಯಲ್ಲಿ ಈ ಹೆಣಿಗೆಯನ್ನೇ ದೊಡ್ಡದಾಗಿ ಬರೆದಿದ್ದೇನೆ. ಹೋದ ವರ್ಷದ ಕಡ್ಡಿ ದಪ್ಪಗೆ, ಅದರ ಮೇಲೆ ಹೊಸ ಕಡ್ಡಿ ತೆಳ್ಳಗೆ, ಹೀಗೆ ಸುತ್ತಿನ ಮೇಲೆ ಸುತ್ತು. ಸುಮಾರು ಎಪ್ಪತ್ತೆಂಬತ್ತು ವರ್ಷಕ್ಕೆ ಫಸಲು ಕುಗ್ಗುತ್ತದೆ. ಆಗ ಬುಟ್ಟಿಯಂಥ ಈ ಇಡೀ ಹೆಣಿಗೆಯನ್ನು ಕತ್ತರಿಸಿ ತೆಗೆಯುತ್ತಾರೆ. ಹಳೆಯ ಬೇರಿನಿಂದಲೇ ಮತ್ತೆ ಚಿಗುರು ಬರುತ್ತದೆ. ಹಾಗಾಗಿ ಬಳ್ಳಿಯ ವಯಸ್ಸು ಒಂದು, ಬೇರಿನ ವಯಸ್ಸು ಇನ್ನೊಂದು.

ಬೇರು ಇಷ್ಟು ಹಳೆಯದಾಗೋಕೆ ಮಣ್ಣೇ ಕಾರಣ. ಕ್ರಿ.ಪೂ. 1600ರ ಸುಮಾರಿಗೆ ಇಲ್ಲಿನ ಜ್ವಾಲಾಮುಖಿ ಸಿಡಿದು ಇಡೀ ದ್ವೀಪದ ಮೇಲೆ ಬೂದಿ, ಪ್ಯೂಮಿಸ್ ಅನ್ನುವ ತೂತು ತೂತಾದ ಹಗುರ ಕಲ್ಲು ಸುರಿಯಿತು. ಈ ಮಣ್ಣಿಗೆ ಆಸ್ಪಾ ಅಂತ ಹೆಸರು. ಜೇಡಿ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 19ನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನೆಲ್ಲ ತಿಂದು ಹಾಕಿದ ಫಿಲಾಕ್ಸೆರಾ ಹೇನು ಇಂಥ ಮಣ್ಣಿನಲ್ಲಿ ಬದುಕುವುದಿಲ್ಲ. ಬೇರೆಯವರು ಆ ಹೇನಿಗೆ ಜಗ್ಗದ ಅಮೆರಿಕದ ಬೇರಿಗೆ ಕಸಿ ಕಟ್ಟಬೇಕಾಯಿತು. ಇಲ್ಲಿ ಬಳ್ಳಿ ಇವತ್ತಿಗೂ ಸ್ವಂತ ಬೇರಿನ ಮೇಲೇ ನಿಂತಿದೆ. ಮಳೆ ತೀರಾ ಕಡಿಮೆ. ರಾತ್ರಿ ಸಮುದ್ರದಿಂದ ಬರುವ ತೇವವನ್ನು ಪ್ಯೂಮಿಸ್ ಹೀರಿ ಇಟ್ಟುಕೊಂಡು ಬೇರಿಗೆ ಕೊಡುತ್ತದೆ.

ಮುಖ್ಯ ತಳಿ ಅಸಿರ್ತಿಕೋ, ಬಿಳಿ ದ್ರಾಕ್ಷಿ. ಅಷ್ಟು ಬಿಸಿಲಲ್ಲಿ ಹಣ್ಣಾದರೂ ಹುಳಿ ಬಿಟ್ಟುಕೊಡುವುದಿಲ್ಲ. ಅದೇ ಇದರ ಹೆಚ್ಚುಗಾರಿಕೆ. ಬಾಯಿಗೆ ಮೊದಲು ನಿಂಬೆ ಸಿಗುತ್ತದೆ, ಆಮೇಲೆ ಒಂದು ಉಪ್ಪುಪ್ಪು ರುಚಿ ಬಹಳ ಹೊತ್ತು ಉಳಿಯುತ್ತದೆ. ಜೊತೆಗೆ ಅಥಿರಿ, ಐದಾನಿ ಇವೆ. ಕೆಂಪಿಗೆ ಮಾವ್ರೊತ್ರಾಗನೊ, ಮಂದಿಲಾರಿಯಾ.

ಇನ್ನು ಟ್ರೇಸಿಂಗ್ ಪೇಪರ್. ಇಲ್ಲಿಯವರೆಗೆ ಕೂರಿಸಿದ್ದು: ಉತ್ತರದ ಈಯಾ ಹತ್ತಿರ ಸಿಗಾಲಾಸ್, ಗಣಿತ ಓದಿದ ಪಾರಿಸ್ ಸಿಗಾಲಾಸ್ 1991ರಲ್ಲಿ ಶುರು ಮಾಡಿದ್ದು. ಎಪಿಸ್ಕೋಪಿ ಗೋನ್ಯಾದಲ್ಲಿ 1903ರಿಂದ ಇರುವ ಆರ್ಗಿರೋಸ್. ಪೂರ್ವದ ಕಡಲ ದಂಡೆಯಲ್ಲಿ ಗಾಯಾ. ಅದರ ಕಟ್ಟಡ ಮೊದಲು ಟೊಮೆಟೊ ಕಾರ್ಖಾನೆಯಾಗಿತ್ತು. ಪಿರ್ಗೋಸ್ ಬಳಿ, ಕಡಲಿನ ಕಡೆ ಕಡಿದಾಗಿ ಇಳಿಯುವ ಅಂಚಿನಲ್ಲಿ, ರೈತರ ಸಹಕಾರಿ ಒಕ್ಕೂಟದ ಸಾಂಟೊ ವೈನ್ಸ್.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಥಿನ್ಯೋಸ್ ಬಂದರಿನ ನೆತ್ತಿಯ ಮೇಲಿರುವ ವೆನೆತ್ಸಾನೋಸ್. 1947ರಲ್ಲಿ ಕಟ್ಟಿದ್ದು. ಇಳಿಜಾರಿನಲ್ಲಿ ಅಂತಸ್ತು ಅಂತಸ್ತಾಗಿ ಇಳಿಯುತ್ತದೆ. ಹಣ್ಣು ಮೇಲಿನಿಂದ ಒಳಗೆ ಬರುತ್ತದೆ, ರಸ ತನ್ನ ಪಾಡಿಗೆ ತಾನೇ ಕೆಳಗಿನ ಅಂತಸ್ತಿಗೆ ಹರಿಯುತ್ತದೆ. ಪಂಪಿನ ಹಂಗೇ ಇಲ್ಲದ ಹಾಗೆ ಯೋಚಿಸಿದ್ದಾರೆ, ಎಷ್ಟು ಚೆಂದ ಅಲ್ವಾ! ಅದರ ಅಡ್ಡಸೀಳು ಚಿತ್ರವನ್ನೇ ಬೇರೆಯಾಗಿ ಬರೆಯಬೇಕು ಅಂತಿದ್ದೇನೆ.

ಹೋಟೆಲು, ಬಾಡಿಗೆ ಮನೆ, ರಸ್ತೆ ಅಂತ ತೋಟದ ಜಾಗ ಕರಗುತ್ತಾ ಇದೆ. ದ್ರಾಕ್ಷಿಯ ಬೆಲೆ ಏರಿದೆ, ಆದರೂ ಹೆಣಿಗೆ ಗೊತ್ತಿರುವ ಕೈಗಳು ಕಡಿಮೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಹಳೆಯ ಚಿತ್ರಗಳಲ್ಲಿ ಚುಕ್ಕೆಗಳಿದ್ದು ಈಗ ಕಟ್ಟಡ ಎದ್ದಿರುವ ಜಾಗಗಳನ್ನು ಖಾಲಿ ಬಿಟ್ಟಿಲ್ಲ. ತೆಳು ಪೆನ್ಸಿಲ್‌ನಲ್ಲಿ ಚುಕ್ಕೆ ಹಾಕಿಯೇ ಇಟ್ಟಿದ್ದೇನೆ.

ಮುಂದಿನ ಕೆಲಸ ವಿನ್‌ಸಾಂಟೊ. ಹಣ್ಣನ್ನು ಎರಡು ವಾರದ ತನಕ ಬಿಸಿಲಲ್ಲಿ ಒಣಗಿಸಿ ಮಾಡುವ ಸಿಹಿ ವೈನ್. ಕನಿಷ್ಠ ಶೇಕಡಾ 51ರಷ್ಟು ಅಸಿರ್ತಿಕೋ ಇರಬೇಕು, ಓಕ್ ಪೀಪಾಯಿಯಲ್ಲಿ ಕನಿಷ್ಠ 24 ತಿಂಗಳು ಕೂರಬೇಕು. ಹಿಂದೆ ಇದು ಚರ್ಚಿನ ಪೂಜೆಗೆಂದು ಹಡಗಿನಲ್ಲಿ ರಷ್ಯಾದವರೆಗೂ ಹೋಗುತ್ತಿತ್ತು. ಅದನ್ನು ಇಡುತ್ತಿದ್ದ ಕಾನಾವಾಗಳನ್ನು, ಅಂದರೆ ಬೂದಿಗುಡ್ಡ ಕೊರೆದು ಮಾಡಿದ ಹಳೆಯ ವೈನ್ ಗುಹೆಗಳನ್ನು, ಕಂದು ಶಾಯಿಯಲ್ಲಿ ತೋರಿಸುತ್ತೇನೆ. ಮೆಗಲೋಖೋರಿಯಿಂದ ಶುರು.